ಕೆಂಪು ದೀಪ ಉರಿಯಬಾರದು

ಹಾಸನದಲ್ಲಿ ಗಣಪತಿ ಬಿಡುವ ದಿನ 'ಡಿಜೆ ಬಂತು' ಅಂದರೆ ಬಂದದ್ದು ಲಾರಿ: ಬೇಸ್ ಬಾಕ್ಸು, ಜನರೇಟರು, ಲೈಟು ಎಲ್ಲ ಸೇರಿ. ಜರ್ಮನಿಯ ಕ್ಲಬ್ಬಿಗೆ ಹೋಗುವ ಡಿಜೆಯ ಜೇಬಲ್ಲಿ ಎರಡು ಪೆನ್‌ಡ್ರೈವ್, ಕೊರಳಲ್ಲೊಂದು ಹೆಡ್‌ಫೋನ್, ಅಷ್ಟೇ. ಉಳಿದ ಯಂತ್ರಗಳೆಲ್ಲ ಕ್ಲಬ್ಬಿನವು. ಹಾಸನ, ಚಿಕ್ಕಮಗಳೂರಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆಂದು ಇಲ್ಲಿಗೆ, ಜರ್ಮನಿಗೆ ಬಂದು, ಶನಿವಾರ ರಾತ್ರಿ ಹಾಡು ಹಾಕುವ ಆಸೆ ಇಟ್ಟುಕೊಂಡವರಿಗೆ ಈ ಮಾತು.

ಮೊದಲು ಪೆನ್‌ಡ್ರೈವ್. ಅದರ ಫಾರ್ಮ್ಯಾಟ್ (ಫೈಲು ಜೋಡಿಸಿಡುವ ರೀತಿ) ಫ್ಯಾಟ್32 ಆಗಿರಲಿ. ವಿಂಡೋಸ್ ದೊಡ್ಡ ಡ್ರೈವಿಗೆ ತಾನಾಗಿ ಎಕ್ಸ್‌ಫ್ಯಾಟ್ ಸೂಚಿಸುತ್ತದೆ, ಡಿಜೆಗಳು ಹಾಡು ನುಡಿಸುವ ಹಳೆಯ ಸಿಡಿಜೆ ಪ್ಲೇಯರುಗಳು ಅದನ್ನು ಓದುವುದಿಲ್ಲ. ಹಾಡುಗಳನ್ನು ಎಳೆದು ಹಾಕದೆ ರೆಕಾರ್ಡ್‌ಬಾಕ್ಸ್ ಅನ್ನುವ ಡಿಜೆ ಸಾಫ್ಟ್‌ವೇರಿನಿಂದಲೇ ಎಕ್ಸ್‌ಪೋರ್ಟ್ ಮಾಡಿ. ಎಳೆದು ಹಾಕಿದರೂ ಹಾಡು ನುಡಿಯುತ್ತದೆ, ಆದರೆ ನೀವು ಗುರುತಿಟ್ಟ ಕ್ಯೂ (ಹಾಡು ಎಲ್ಲಿಂದ ಶುರುವಾಗಬೇಕೆಂಬ ಗುರುತು), ಬೀಟ್ ಗ್ರಿಡ್ (ಏಟುಗಳ ಜಾಗ ತೋರುವ ಗೆರೆಗಳು) ಜೊತೆಗೆ ಬರುವುದಿಲ್ಲ. ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3 ಅಥವಾ ವೇವ್ ಇದ್ದರೆ ಎಲ್ಲೂ ತಕರಾರಿಲ್ಲ. ವಿಡಿಯೋದಿಂದ ಕಿತ್ತ 128ರ ಫೈಲು ಫೋನಿನಲ್ಲಿ ಚೆನ್ನಾಗೇ ಕೇಳುತ್ತದೆ. ದೊಡ್ಡ ಸ್ಪೀಕರಿಗೆ ಬಂದಾಗ ತಾಳದ ಸದ್ದು ಮರಳು ಜರಡಿ ಹಿಡಿದಂತಾಗುತ್ತದೆ.

ನಮ್ಮ ಹಾಡುಗಳದ್ದು ಬೇರೆಯೇ ಪಾಡು. ತಿಶ್ರ ನಡೆಯ (ಮೂರರ ಲೆಕ್ಕದ) ತಮಟೆ ಏಟನ್ನು ಸಾಫ್ಟ್‌ವೇರ್ ನಾಲ್ಕರ ಲೆಕ್ಕಕ್ಕೆ ಬಗ್ಗಿಸಲು ನೋಡುತ್ತದೆ. ನಿಜವಾದ ಗತಿ ನಿಮಿಷಕ್ಕೆ 90 ಇದ್ದರೆ ಪರದೆಯ ಮೇಲೆ 135 ಅಂತ ಬರಬಹುದು. ಅದನ್ನು ನಂಬಿ, ಎರಡು ಹಾಡಿನ ಗತಿಯನ್ನು ತಾನಾಗಿ ಹೊಂದಿಸುವ ಸಿಂಕ್ ಒತ್ತಿದರೆ ಕುಣಿಯುವವರ ಕಾಲು ತಪ್ಪುತ್ತದೆ. ಬೆರಳಿನಿಂದ ಟ್ಯಾಪ್ ಮಾಡಿ ಗತಿ ತಿದ್ದಿಕೊಳ್ಳಿ. ಹಳೆಯ ಸಿನಿಮಾ ಹಾಡುಗಳಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದರಿಂದ ಪಲ್ಲವಿಯ ಗತಿ ಚರಣದಲ್ಲಿ ಉಳಿದಿರುವುದಿಲ್ಲ. ಅಂಥವಕ್ಕೆ ಬದಲಾಗುವ ಗತಿಯನ್ನು ಹಿಂಬಾಲಿಸುವ ಡೈನಾಮಿಕ್ ಅನಾಲಿಸಿಸ್ ಹಾಕಿ, ಆಮೇಲೂ ಕಿವಿಯಿಂದ ಪರೀಕ್ಷಿಸಿ. ತಿಶ್ರದಿಂದ ನಾಲ್ಕರ ಲೆಕ್ಕದ ಹೌಸ್ ಸಂಗೀತಕ್ಕೆ ದಾಟುವಾಗ ಎರಡನ್ನೂ ಒಂದರ ಮೇಲೊಂದು ಹೇರಬೇಡಿ. ಎಕೋ ಹಾಕಿ ಒಂದನ್ನು ಬಿಡಿ, ಮೊದಲ ಏಟಿಗೇ ಇನ್ನೊಂದನ್ನು ಹಿಡಿಯಿರಿ.

ಇನ್ನು ಊರಿನ ಅಭ್ಯಾಸ ನಿಜಕ್ಕೂ ಕೈಕೊಡುವ ಜಾಗ: ಸದ್ದು. ಮಿಕ್ಸರಿನ ಟ್ರಿಮ್ (ಒಳಬರುವ ಸದ್ದಿನ ಮಟ್ಟದ ಗುಂಡಿ) ತಿರುಗಿಸುವಾಗ ಮೀಟರು ಕಿತ್ತಳೆ ಮುಟ್ಟಿದರೆ ಸಾಕು, ಕೆಂಪು ದೀಪ ಉರಿಯಬಾರದು. ಕೆಂಪಿಗೆ ಹೋದರೆ ಅಲೆಯ ತುದಿ ಚಪ್ಪಟೆಯಾಗಿ ಸದ್ದು ಒಡೆಯುತ್ತದೆ, ಟ್ವೀಟರಿಗೆ (ಹೆಚ್ಚು ಶ್ರುತಿಯ ಸದ್ದಿನ ಸಣ್ಣ ಸ್ಪೀಕರಿಗೆ) ತಾಳಲಾರದಷ್ಟು ಶಕ್ತಿ ಹೋಗಿ ಅದರ ಕಾಯಿಲ್ ಸುಡಬಹುದು. ಕ್ಲಬ್ಬಿನಲ್ಲಿ ಸದ್ದನ್ನು ಮಿತಿಯಲ್ಲಿ ಹಿಡಿಯುವ ಲಿಮಿಟರ್ ಇರುವುದರಿಂದ ಸದ್ದೂ ಏರುವುದಿಲ್ಲ, ಹಾಡು ಸಪ್ಪೆಯಾಗುತ್ತದೆ ಅಷ್ಟೇ.

ಇಲ್ಲಿ ಡಿಐಎನ್ 15905-5 ಅನ್ನುವ ಮಾನದಂಡವಿದೆ. ಪ್ರೇಕ್ಷಕರಿರುವ ಕಡೆ ಅತಿ ಜೋರಾದ ಜಾಗದಲ್ಲೂ 30 ನಿಮಿಷದ ಸರಾಸರಿ 99 ಡೆಸಿಬಲ್ ದಾಟುವಂತಿಲ್ಲ. ಸರಾಸರಿ ತಾನೇ ಅಂತ ಹಗುರಾಗಿ ತೆಗೆದುಕೊಳ್ಳಬೇಡಿ. 3 ಡೆಸಿಬಲ್ ಏರಿದರೆ ಶಕ್ತಿ ಎರಡು ಪಟ್ಟು. 102ರಲ್ಲಿ 15 ನಿಮಿಷ ಓಡಿಸಿದರೆ ಅರ್ಧ ಗಂಟೆಯ ಪಾಲು ಅಲ್ಲಿಗೇ ಖರ್ಚು. ಅದಕ್ಕೇ ಅನುಭವಸ್ಥರು ಸಂಜೆ 93–94ರಲ್ಲಿ ಶುರುಮಾಡಿ, ಜೋರನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಕಿವಿಯ ಲೆಕ್ಕವೂ ಹೀಗೇ. ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆಯಂತೆ 85 ಡೆಸಿಬಲ್ಲಿಗೆ 8 ಗಂಟೆ, ಪ್ರತಿ 3ಕ್ಕೂ ಸಮಯ ಅರ್ಧ. 100ಕ್ಕೆ ಉಳಿಯುವುದು ಬರೀ 15 ನಿಮಿಷ. ಫಿಲ್ಟರ್ ಇರುವ ಇಯರ್‌ಪ್ಲಗ್ ಹಾಕದೆ ರಾತ್ರಿಯಿಡೀ ನಿಲ್ಲುವುದು ಗಂಡಸುತನ ಅಂದುಕೊಂಡವರಿಗೆ ನಲವತ್ತರಲ್ಲಿ ಕಿವಿಯೊಳಗೆ ಜೀರುಂಡೆ ಕೂಗುತ್ತದೆ.

ಮಿಕ್ಸ್ ಮಾಡುವಾಗ ಪಕ್ಕದ ಬೂತ್ ಸ್ಪೀಕರನ್ನೇ ಕೇಳಿ. ಸದ್ದಿಗೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. 10 ಮೀಟರ್ ದೂರದ ದೊಡ್ಡ ಸ್ಪೀಕರನ್ನು ನಂಬಿದರೆ ಹತ್ತಿರ ಹತ್ತಿರ 30 ಮಿಲಿಸೆಕೆಂಡ್ ತಡ. ಹೆಡ್‌ಫೋನಿನಲ್ಲಿ ಸರಿಯಾಗಿ ಕೂತ ಏಟು ಹೊರಗೆ ಕುದುರೆ ಓಟದ ಹಾಗೆ ಟಕಟಕ ಅನ್ನುತ್ತದೆ.

ಕಾಗದಪತ್ರದ ವಿಷಯ. ಜರ್ಮನಿಯಲ್ಲಿ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ, ಆದರೆ ನೌಕರರಾಗಿ. ಡಿಜೆ ಬಿಲ್ಲು ಕೊಟ್ಟು ದುಡ್ಡು ಪಡೆಯುವುದು ಸ್ವಂತ ಉದ್ಯೋಗ; ಅದಕ್ಕೆ ವಿದೇಶಿಯರ ಕಚೇರಿಯಿಂದ ಬೇರೆ ಅನುಮತಿ ಬೇಕು. 'ಕೈಯಲ್ಲೇ ಕೊಡ್ತೀವಿ ಬಾ' ಅಂದರೆ ವೀಸಾಕ್ಕೇ ಕುತ್ತು. ಹಾಡಿನ ಹಕ್ಕಿನ ಶುಲ್ಕವನ್ನು ಗೇಮಾ ಸಂಸ್ಥೆಗೆ ಕಟ್ಟಬೇಕಾದವರು ಕಾರ್ಯಕ್ರಮ ನಡೆಸುವವರು. ಬಾಡಿಗೆ ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡುವವರು ಇದನ್ನು ಮರೆಯುವುದೇ ಹೆಚ್ಚು. ಮೊದಲೇ ನೋಂದಾಯಿಸಿದ್ದೀರಾ ಅಂತ ಕೇಳಿಬಿಡಿ.

ರಜಕ್ಕೆ ಊರಿಗೆ ಹೋದಾಗ ಎಸ್ಟೇಟ್ ಹೋಂಸ್ಟೇಗಳಲ್ಲೂ ಕರೆ ಬರುತ್ತದೆ. ಚಿಕ್ಕಮಗಳೂರಿನ ಕಣಿವೆಗಳಲ್ಲಿ ಮೋಡವಿಲ್ಲದ ರಾತ್ರಿ ತಣ್ಣನೆ ಗಾಳಿ ಕೆಳಗೆ ಕೂರುತ್ತದೆ, ಮೇಲೆ ಬೆಚ್ಚನೆ ಪದರ. ಮೇಲೆ ಹೊರಟ ಸದ್ದು ಬಾಗಿ ಕೆಳಗೇ ಬರುತ್ತದೆ, ಹಗಲು ಕೇಳದ ಬೇಸ್ ಆಗ ಆಚೆ ಗುಡ್ಡದ ಮನೆಗೂ ತಲುಪುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬಲ್, 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಬೇಸ್ ನುಡಿಸುವ ಸಬ್‌ವೂಫರನ್ನು ಕಣಿವೆಯತ್ತ ತಿರುಗಿಸಿಟ್ಟರೆ ಸಾಲದು, ಅದರ ಸದ್ದು ಎಲ್ಲ ದಿಕ್ಕಿಗೂ ಹರಡುತ್ತದೆ. ಸದ್ದು ಇಳಿಸಲೇಬೇಕು.

ಮಂಜಿನಲ್ಲಿ ಜೀಪಿನ ಹಿಂದೆ ಬಂದ ಮಿಕ್ಸರನ್ನು ಜನ ತುಂಬಿದ ಬೆಚ್ಚನೆ ಹಾಲಿಗೆ ತಂದ ಕೂಡಲೇ ಬಿಚ್ಚಬೇಡಿ; ತಣ್ಣನೆ ಲೋಹದ ಮೇಲೆ ನೀರು ಕೂರುತ್ತದೆ. ಜರ್ಮನಿಯ ಜನವರಿಯಲ್ಲೂ ಇದೇ ಕಥೆ. ಪೆಟ್ಟಿಗೆ ಮುಚ್ಚಿಯೇ ಒಂದು ಗಂಟೆ ಬಿಟ್ಟು, ಆಮೇಲೆ ಕರೆಂಟು ಕೊಡಿ.