ಒಂದೇ ಮನೆಯ ಪುಸ್ತಕ ಸಾಲದು: ಬರೋಸಾ ಕಣಿವೆಯ ಮೊದಲ ಒಕ್ಕಲುಗಳ ವಂಶಚರಿತ್ರೆ

ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯನ್ನು ಹೆಚ್ಚಿನವರು ಬಲ್ಲದ್ದು ಅಲ್ಲಿನ ದ್ರಾಕ್ಷಿ ತೋಟಗಳಿಂದ. ನನಗೆ ಆ ಊರುಗಳ ಮೇಲೆ ಅಕ್ಕರೆ ಹುಟ್ಟಿಸಿದ್ದು ಅಲ್ಲಿನ ಕುಟುಂಬಗಳು ತಮ್ಮ ಹಿರಿಯರ ಬಗ್ಗೆ ಬರೆದಿಟ್ಟುಕೊಂಡಿರುವ ವಂಶಚರಿತ್ರೆಗಳು. 1986ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ವಸಾಹತಾಗಿ 150 ವರ್ಷ ತುಂಬಿದ ಹೊತ್ತಿಗೆ ಊರೂರುಗಳಲ್ಲಿ ಸ್ಥಳೀಯ ಚರಿತ್ರೆಯ ಪುಸ್ತಕಗಳು ಹೊರಬಂದವು. ಕುಟುಂಬದವರೆಲ್ಲ ಒಂದೆಡೆ ಸೇರುವ ಸಮಾವೇಶಗಳಿಗಾಗಿ ಅಚ್ಚಾದ ವಂಶಾವಳಿಗಳೂ ಬಹಳ ಇವೆ. ಅವುಗಳ ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ಪ್ರಷ್ಯಾ ಎಂಬ ಹಿಂದಿನ ಜರ್ಮನ್ ರಾಜ್ಯದ ಯಾವುದೋ ಹಳ್ಳಿಯ ಹೆಸರು, ಆಮೇಲೆ ಹಡಗಿನ ಹೆಸರು ಮತ್ತು ಅದು ಬಂದರು ಮುಟ್ಟಿದ ದಿನ, ಅಲ್ಲಿಂದ ಮುಂದೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ಸಾಲು.

ಇಂಥ ಪುಸ್ತಕಗಳನ್ನು ಓದುತ್ತ ಬಂದಂತೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಬರೋಸಾದಲ್ಲಿ ಒಂದು ಮನೆಯ ಚರಿತ್ರೆಯನ್ನು ಆ ಮನೆಯ ಪುಸ್ತಕದಿಂದಷ್ಟೇ ತಿಳಿಯಲು ಸಾಧ್ಯವಿಲ್ಲ. ಇಲ್ಲಿಗೆ ಜನ ಬಂದದ್ದು ಪಾದ್ರಿಯೊಬ್ಬರ ಹಿಂದೆ, ಸಭೆ ಸಭೆಯಾಗಿ, ಅಂದರೆ ಒಂದು ಚರ್ಚಿನ ಭಕ್ತರೆಲ್ಲ ಒಟ್ಟಾಗಿ, ನೆರೆಹೊರೆಯೊಡನೆ. ಒಂದು ಮನೆಯ ದಾಖಲೆಯಲ್ಲಿ ಬಿಟ್ಟುಹೋದದ್ದು ಪಕ್ಕದ ಮನೆಯ ಮದುವೆಯ ಸಾಲಿನಲ್ಲೋ ಮಗುವಿನ ದೀಕ್ಷಾಸ್ನಾನದ ಸಾಕ್ಷಿಗಳ ಹೆಸರಿನಲ್ಲೋ ಸಿಗುತ್ತದೆ. ಆದ್ದರಿಂದ ಒಂದು ಊರಿನ ಪುಸ್ತಕಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಓದಬೇಕು.

ಅವರು ಹೀಗೆ ಗುಂಪಾಗಿ ಬಂದದ್ದಕ್ಕೆ ಕಾರಣ ಪ್ರಷ್ಯಾದ ಅರಸ ಮೂರನೆಯ ಫ್ರೆಡರಿಕ್ ವಿಲಿಯಂ. 1817ರಿಂದ ಆತ ತನ್ನ ರಾಜ್ಯದ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡು ಪ್ರೊಟೆಸ್ಟೆಂಟ್ ಪಂಥಗಳ ಸಭೆಗಳನ್ನು ಒಂದುಗೂಡಿಸಲು ಹೊರಟು, ಮುಂದೆ ಎಲ್ಲರೂ ಒಂದೇ ಆರಾಧನಾ ಕ್ರಮವನ್ನು ಅನುಸರಿಸಬೇಕೆಂದು ಕಡ್ಡಾಯ ಮಾಡಿದ. ಹಳೆಯ ಕ್ರಮವನ್ನು ಬಿಡಲೊಪ್ಪದ ಪಾದ್ರಿಗಳು ಹುದ್ದೆ ಕಳೆದುಕೊಂಡರು, ಕೆಲವರು ಸೆರೆಮನೆ ಕಂಡರು. ಕ್ಲೆಮ್‌ಜಿಗ್ ಹಳ್ಳಿಯ ಪಾದ್ರಿ ಆಗಸ್ಟ್ ಕಾವೆಲ್ ತಮ್ಮ ಸಭೆಗೆ ನೆಲೆ ಹುಡುಕುತ್ತ 1836ರಲ್ಲಿ ಲಂಡನ್‌ಗೆ ಹೋಗಿ, ದಕ್ಷಿಣ ಆಸ್ಟ್ರೇಲಿಯಾ ಕಂಪನಿಯ ಜಾರ್ಜ್ ಫೈಫ್ ಆಂಗಸ್ ಎಂಬ ವ್ಯಾಪಾರಿಯನ್ನು ಕಂಡರು. ಆಂಗಸ್ ಸ್ವತಃ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಹೊರಗಿನವನು. ಧರ್ಮದ ಕಾರಣಕ್ಕೆ ಊರು ಬಿಡುವವರ ಮೇಲೆ ಅವನಿಗೆ ಮರುಕವೂ ಇತ್ತು, ಹೊಸ ವಸಾಹತಿಗೆ ದುಡಿಯುವ ರೈತರು ಬೇಕೆಂಬ ಲೆಕ್ಕಾಚಾರವೂ ಇತ್ತು. ಪ್ರಯಾಣದ ಖರ್ಚಿಗೆ ಅವನು ಸಾಲ ಕೊಟ್ಟ. 1838ರ ಕೊನೆಯಲ್ಲಿ ‘ಪ್ರಿನ್ಸ್ ಜಾರ್ಜ್’, ‘ಬೆಂಗಾಲಿ’ ಮತ್ತು ‘ಜೀಬ್ರಾ’ ಹಡಗುಗಳಲ್ಲಿ ಮೊದಲ ತಂಡಗಳು ಬಂದಿಳಿದವು. ಕಾವೆಲ್ ಸಭೆಯವರು ಅಡಿಲೇಡ್ ಪಕ್ಕದ ಟಾರೆನ್ಸ್ ನದಿಯ ದಂಡೆಯಲ್ಲಿ ಊರು ಕಟ್ಟಿ, ಅದಕ್ಕೆ ಬಿಟ್ಟುಬಂದ ಹಳ್ಳಿಯ ಹೆಸರನ್ನೇ ಇಟ್ಟರು. ‘ಜೀಬ್ರಾ’ದ ಕಪ್ತಾನ ಡರ್ಕ್ ಹಾನ್ ತನ್ನ ಪ್ರಯಾಣಿಕರಿಗೆ ತಾನೇ ಮುಂದೆ ನಿಂತು ಬೆಟ್ಟದ ಮೇಲೆ ಜಮೀನು ಗೊತ್ತುಮಾಡಿಕೊಟ್ಟದ್ದರಿಂದ ಆ ಊರು ಹಾನ್‌ಡಾರ್ಫ್ ಆಯಿತು. 1841ರಲ್ಲಿ ‘ಸ್ಕ್ಯೋಲ್ಡ್’ ಎಂಬ ಹಡಗು ಪಾದ್ರಿ ಫ್ರಿಟ್ಷೆಯವರ ತಂಡವನ್ನು ಕರೆತಂದಿತು. ದಾರಿಯಲ್ಲಿ ಬಹಳ ಸಾವುಗಳಾದವು. ವಂಶಾವಳಿಗಳಲ್ಲಿ ‘ಸಮುದ್ರದಲ್ಲಿ ತೀರಿಕೊಂಡರು’ ಎಂಬ ಮಾತನ್ನು ಮಗುವಿನ ಹೆಸರಿನ ಮುಂದೆ ಕಂಡಾಗ ಮುಂದಿನ ಸಾಲಿಗೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಬರೋಸಾ ಕಣಿವೆಯಲ್ಲಿ ಆಂಗಸ್‌ನ ಪರವಾಗಿ ಅವನ ಗುಮಾಸ್ತ ಚಾರ್ಲ್ಸ್ ಫ್ಲಾಕ್ಸ್‌ಮನ್ 1839ರಲ್ಲಿ ತಲಾ 4,000 ಎಕರೆಯ ಏಳು ‘ವಿಶೇಷ ಸರ್ವೆ’ಗಳನ್ನು (ಕೊಳ್ಳುವವನ ಕೋರಿಕೆಯ ಮೇಲೆ ಅಳೆದುಕೊಡುವ ಜಮೀನು), ಅಂದರೆ ಒಟ್ಟು 28,000 ಎಕರೆಯನ್ನು, ಹಿಡಿದಿದ್ದ. ಆ ನೆಲದ ಮೇಲೆ 1842ರಲ್ಲಿ 28 ಕುಟುಂಬಗಳು ಬೆಥನಿ ಎಂಬ ಊರನ್ನು ಕಟ್ಟಿದವು. ಒಂದು ಬೀದಿ, ಅದರುದ್ದಕ್ಕೂ ಮನೆಗಳು, ಮನೆಯ ಬೆನ್ನಿಗೆ ಹಳ್ಳದ ಕಡೆಗೆ ಚಾಚಿಕೊಂಡ ಕಿರಿದಾದ ಉದ್ದನೆಯ ಹೊಲ. ಇದು ಅವರು ಹುಟ್ಟಿ ಬೆಳೆದ ಪೂರ್ವ ಜರ್ಮನ್ ಸೀಮೆಯ ಹಳ್ಳಿಯ ವಿನ್ಯಾಸ. ಬ್ರಿಟಿಷ್ ವಸಾಹತುಗಾರ ತನ್ನ ಜಮೀನಿನ ನಡುವೆ ಒಂಟಿ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಇವರು ಗೋಡೆಗೆ ಗೋಡೆ ಹತ್ತಿರವಾಗಿ ನೆಲೆಸಿದರು. ಆ ಹೊಲಗಳ ಪಟ್ಟಿಗಳು ಇಂದಿಗೂ ಬೆಥನಿಯಲ್ಲಿ ಗುರುತು ಸಿಗುವಂತಿವೆ. ಯಾರ ಹೊಲದ ಪಕ್ಕ ಯಾರ ಹೊಲವಿತ್ತು ಎಂಬುದನ್ನು ತಿಳಿದರೆ ಮುಂದಿನ ತಲೆಮಾರಿನ ಎಷ್ಟೋ ಮದುವೆಗಳ ಕಾರಣ ತಾನಾಗಿ ಹೊಳೆಯುತ್ತದೆ. ಗೋಧಿ, ಆಲೂಗಡ್ಡೆ, ತರಕಾರಿಯ ಜೊತೆಗೆ ದ್ರಾಕ್ಷಿಯೂ ಬೇಗನೆ ಬಂತು. ಹತ್ತಿರದ ಲಾಂಗ್‌ಮೈಲ್ ಎಂಬ ಊರಿನಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಈಗಲೂ ಫಸಲು ಕೊಡುತ್ತಿವೆ, ಏಕೆಂದರೆ ಯೂರೋಪಿನ ತೋಟಗಳನ್ನು ನಾಶಮಾಡಿದ ಫಿಲಾಕ್ಸೆರಾ ಕೀಟ ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಡಲೇ ಇಲ್ಲ.

ಹಳೆಯ ವಂಶಚರಿತ್ರೆಗಳು ಈ ನೆಲವನ್ನು ಖಾಲಿ ಕಾಡು ಎಂದು ವರ್ಣಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಅದು ಪೆರಮಂಕ್ ಮತ್ತು ಙಜುರಿ ಜನರ ನೆಲ. ವಸಾಹತನ್ನು ಸ್ಥಾಪಿಸಿದ 1836ರ ರಾಜಾಜ್ಞೆಯಲ್ಲಿಯೇ, ಮೂಲನಿವಾಸಿಗಳು ವಾಸಿಸುತ್ತಿರುವ ಅಥವಾ ಅನುಭವಿಸುತ್ತಿರುವ ಭೂಮಿಯ ಮೇಲಿನ ಅವರ ಹಕ್ಕಿಗೆ ಚ್ಯುತಿ ಬರಬಾರದೆಂಬ ಮಾತು ಸ್ಪಷ್ಟವಾಗಿದ್ದರೂ, ಸರ್ವೆಯವರು ಅಳೆದು ಮಾರುವಾಗ ಅದನ್ನು ಯಾರೂ ಪಾಲಿಸಲಿಲ್ಲ. ಧರ್ಮಕ್ಕಾಗಿ ಊರು ಕಳೆದುಕೊಂಡ ಜನ, ತಮಗೆ ಸಿಕ್ಕ ನೆಲದಲ್ಲಿ ಮತ್ತೊಂದು ಜನರ ಊರು ಕಳೆದುಹೋದುದನ್ನು ತಮ್ಮ ಪುಸ್ತಕಗಳಲ್ಲಿ ಬರೆಯಲಿಲ್ಲ. ಅದನ್ನು ಬೇರೆ ಕಡೆ ಹುಡುಕಬೇಕು. 1838ರಲ್ಲಿಯೇ ಅಡಿಲೇಡ್‌ಗೆ ಬಂದ ಟೈಕೆಲ್‌ಮನ್ ಮತ್ತು ಶ್ಯೂರ್‌ಮನ್ ಎಂಬ ಲೂಥರನ್ ಮಿಷನರಿಗಳು ಅಲ್ಲಿನ ಕೌರ್ನ ಜನರ ಭಾಷೆಯ ವ್ಯಾಕರಣವನ್ನೂ ಪದಗಳನ್ನೂ 1840ರಲ್ಲಿ ಪ್ರಕಟಿಸಿದರು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದು ಕನ್ನಡ ಕಲಿಯುತ್ತಿದ್ದ ದಶಕವೂ ಅದೇ. ಇಂದು ಕೌರ್ನ ಭಾಷೆಯನ್ನು ಮತ್ತೆ ಮಾತಿಗೆ ತರುತ್ತಿರುವವರಿಗೆ ಆ ಪುಸ್ತಕ ದೊಡ್ಡ ಆಧಾರ. ಙಜುರಿ ಹಿರಿಯ ಬಾರ್ನಿ ವಾರಿಯಾ 1940ರ ದಶಕದಲ್ಲಿ ಮಾನವಶಾಸ್ತ್ರಜ್ಞ ರೊನಾಲ್ಡ್ ಬರ್ಂಟ್ ಅವರಿಗೆ ತಮ್ಮ ಜನರ ಕಥೆಗಳನ್ನೂ ಸಂಬಂಧಗಳನ್ನೂ ಹೇಳಿ ಬರೆಸಿದರು. ಬರೋಸಾದ ಯಾವ ಕುಟುಂಬ ತನ್ನ ಚರಿತ್ರೆಯನ್ನು ಹೊಸದಾಗಿ ಬರೆದರೂ ಹಡಗಿನ ಹೆಸರಿಗೂ ಮುಂಚೆ ಈ ಜನರ ಹೆಸರು ಬರಬೇಕೆಂಬುದು ನನ್ನ ದೃಢವಾದ ನಿಲುವು.

ಇನ್ನು ದಾಖಲೆಗಳ ವಿಷಯ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸರ್ಕಾರಿ ಜನನ, ಮರಣ, ವಿವಾಹ ನೋಂದಣಿ ಆರಂಭವಾದದ್ದು 1842ರ ಜುಲೈ 1ರಂದು. ಆದರೆ ಲೂಥರನ್ ಕುಟುಂಬಗಳ ಮಟ್ಟಿಗೆ ನಿಜವಾದ ಭಂಡಾರ ಪಾದ್ರಿಗಳು ಬರೆದಿಟ್ಟ ಸಭಾ ಪುಸ್ತಕ. ಅದರ ಅಕ್ಷರ ಹಳೆಯ ಜರ್ಮನ್ ಕೈಬರಹ, ಇಂದಿನ ಜರ್ಮನರಿಗೇ ಸುಲಭವಾಗಿ ಓದಲು ಬಾರದು. ಹೆಸರುಗಳ ತೊಡಕು ಅದಕ್ಕಿಂತ ಹೆಚ್ಚು. ಒಂದು ಮನೆಯ ಗಂಡುಮಕ್ಕಳೆಲ್ಲರ ಮೊದಲ ಹೆಸರು ಯೋಹಾನ್, ಹೆಣ್ಣುಮಕ್ಕಳೆಲ್ಲರದು ಯೋಹಾನಾ ಅಥವಾ ಅನ್ನಾ ಆಗಿರಬಹುದು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಎರಡನೆಯದೋ ಮೂರನೆಯದೋ. ಎಚ್ಚರಿಕೆಯುಳ್ಳ ಪಾದ್ರಿ ಕರೆಯುವ ಹೆಸರಿನ ಕೆಳಗೆ ಗೆರೆ ಎಳೆದಿರುತ್ತಾನೆ. ಸರ್ಕಾರಿ ಗುಮಾಸ್ತ ಮಾತ್ರ ತನ್ನ ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿರುತ್ತಾನೆ. ಹೀಗಾಗಿ ಒಬ್ಬನೇ ಮನುಷ್ಯ ಹಡಗಿನ ಪಟ್ಟಿಯಲ್ಲಿ, ಸಭಾ ಪುಸ್ತಕದಲ್ಲಿ, ಜಮೀನಿನ ಪತ್ರದಲ್ಲಿ ಮೂರು ಬೇರೆ ಜನರಂತೆ ಕಾಣುವುದುಂಟು.

ಇದರ ಮೇಲೆ 1846ರ ಒಡಕು ಬೇರೆ. ಆ ವರ್ಷ ಬೆಥನಿಯಲ್ಲಿ ಸೇರಿದ ಸಿನೋಡಿನಲ್ಲಿ, ಅಂದರೆ ಸಭೆಗಳ ಪ್ರತಿನಿಧಿಗಳ ಕೂಟದಲ್ಲಿ, ಕಾವೆಲ್ ಮತ್ತು ಫ್ರಿಟ್ಷೆ ಬೇರೆಯಾದರು. ಕ್ರಿಸ್ತನ ಸಾವಿರ ವರ್ಷಗಳ ಆಳ್ವಿಕೆಯ ಕುರಿತ ಕಾವೆಲ್‌ರ ನಂಬಿಕೆ ಜಗಳದ ಒಂದು ಮೂಲ. ಕಾವೆಲ್ ಪಕ್ಷದವರು ಲಾಂಗ್‌ಮೈಲ್‌ನಲ್ಲಿ ನೆಲೆ ನಿಂತರು, ಬೆಥನಿ ಫ್ರಿಟ್ಷೆಯವರ ಕಡೆ ಉಳಿಯಿತು. ಎರಡು ಊರುಗಳ ನಡುವೆ ಕೆಲವೇ ಕಿಲೋಮೀಟರ್. ಆದರೂ ಸಭೆಗಳು ಬೇರೆ, ಸ್ಮಶಾನಗಳು ಬೇರೆ, ದಾಖಲೆಯ ಪುಸ್ತಕಗಳು ಬೇರೆ. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಹೋದ ಮನೆಗಳಲ್ಲಿ ವಂಶಾವಳಿ ಬರೆದವರು ತಮ್ಮ ಕಡೆಯ ಪುಸ್ತಕವನ್ನಷ್ಟೇ ನೋಡಿದ್ದರೆ ಇನ್ನೊಂದು ಕವಲು ಕಣ್ಮರೆಯಾಗುತ್ತದೆ. ಪ್ರಷ್ಯಾದ ಅರಸನ ಆಜ್ಞೆಗೆ ಬಗ್ಗದೆ ಹೊರಟುಬಂದವರಿಗೆ ಇಲ್ಲಿ ಸಿದ್ಧಾಂತದ ವಿಷಯದಲ್ಲಿ ರಾಜಿಯಾಗುವುದು ಸಾಧ್ಯವಾಗದೆ ಹೋದದ್ದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಅವರನ್ನು ಸಮುದ್ರ ದಾಟಿಸಿದ್ದೂ ಆ ಹಟವೇ.

ಹೆಂಗಸರ ದುಡಿಮೆಯ ಬಗ್ಗೆ ಸಭಾ ಪುಸ್ತಕಗಳು ಬಹುತೇಕ ಮೌನ. ಗಂಡಸಿನ ಹೆಸರಿನ ಮುಂದೆ ರೈತ, ಬಡಗಿ, ಗಾಡಿ ಮಾಡುವವ ಎಂಬ ಕಸುಬು ಇರುತ್ತದೆ. ಹೆಂಗಸಿನ ಮುಂದೆ ಗಂಡನ ಹೆಸರು. ಆದರೆ ಹಾನ್‌ಡಾರ್ಫ್‌ನ ಹೆಂಗಸರೂ ಹುಡುಗಿಯರೂ ನಡುರಾತ್ರಿ ಎದ್ದು, ಬೆಣ್ಣೆ, ಮೊಟ್ಟೆ, ತರಕಾರಿಗಳನ್ನು ಹೊತ್ತು, ಬೆಟ್ಟ ಇಳಿದು, ಸುಮಾರು 35 ಕಿಲೋಮೀಟರ್ ನಡೆದು ಅಡಿಲೇಡ್ ಸಂತೆಗೆ ಬರುತ್ತಿದ್ದರು. ಮೊದಲ ವರ್ಷಗಳಲ್ಲಿ ಮನೆಗಳಿಗೆ ಕೈಗೆ ಸಿಗುವ ಹಣ ತಂದದ್ದು ಆ ನಡಿಗೆ. ಕಣಿವೆಯ ಪೂರ್ವದ ಬೆಟ್ಟಸಾಲಿನ ಸ್ಪ್ರಿಂಗ್‌ಟನ್‌ನಲ್ಲಿರುವ ‘ಹರ್ಬಿಗ್ ಮರ’ದ ಕಥೆ ಎಲ್ಲರಿಗೂ ಗೊತ್ತು. ಪ್ರಷ್ಯಾದ ಸಿಲೇಸಿಯಾ ಪ್ರಾಂತ್ಯದಿಂದ 1855ರಲ್ಲಿ ಬಂದ ಫ್ರೆಡರಿಕ್ ಹರ್ಬಿಗ್ ಟೊಳ್ಳಾದ ದೈತ್ಯ ರೆಡ್ ಗಮ್ ಮರವೊಂದನ್ನೇ ಮನೆ ಮಾಡಿಕೊಂಡಿದ್ದ. 1858ರಲ್ಲಿ ಅವನನ್ನು ಮದುವೆಯಾದ ಕ್ಯಾರೊಲೈನ್ ಆ ಮರದೊಳಗೇ ಮೊದಲ ಇಬ್ಬರು ಮಕ್ಕಳನ್ನು ಸಾಕಿದಳು. ಒಟ್ಟು ಮಕ್ಕಳು 16. ಮರಕ್ಕೆ ಹರ್ಬಿಗ್ ಎಂಬ ಹೆಸರು ಉಳಿದಿದೆ. ಬಾಣಂತನವನ್ನು ಮರದ ಪೊಟರೆಯಲ್ಲಿ ಕಳೆದ ಹೆಂಗಸಿನ ಹೆಸರನ್ನು ಅದರ ಜೊತೆ ಹೇಳುವವರು ಕಡಿಮೆ.

ಎಲ್ಲರೂ ಜರ್ಮನರು ಎಂಬುದೂ ಪೂರ್ಣ ಸತ್ಯವಲ್ಲ. ಕಣಿವೆಯ ಉತ್ತರದ ಎಬೆನೀಜರ್ ಸುತ್ತಮುತ್ತ ನೆಲೆಸಿದವರಲ್ಲಿ ಬಹಳ ಮಂದಿ ಪೂರ್ವ ಜರ್ಮನ್ ಸೀಮೆಯ ಲುಸೇಷಿಯಾದ ಸೋರ್ಬರು, ಅಂದರೆ ವೆಂಡರು. ಅವರ ಮನೆಮಾತು ಸ್ಲಾವ್ ಕುಲದ್ದು. ಜರ್ಮನ್ ಹಡಗುಗಳಲ್ಲಿ ಬಂದು, ಜರ್ಮನ್ ಸಭೆಗಳಲ್ಲಿ ಪ್ರಾರ್ಥಿಸಿದ ಅವರನ್ನು ಸರ್ಕಾರ ಜರ್ಮನರೆಂದೇ ಎಣಿಸಿತು. ಕೆಲವು ತಲೆಮಾರುಗಳಲ್ಲಿ ಅವರ ಮೊಮ್ಮಕ್ಕಳೂ ಹಾಗೆಯೇ ಎಣಿಸಿಕೊಂಡರು. 1860ರ ದಶಕದಲ್ಲಿ ಬೆಳೆದ ಮಕ್ಕಳಿಗೆ ಕಣಿವೆಯಲ್ಲಿ ಹೊಲ ಸಾಲದಾಯಿತು. ನ್ಯೂ ಸೌತ್ ವೇಲ್ಸ್‌ನಲ್ಲಿ 1861ರ ಕಾನೂನಿನ ಪ್ರಕಾರ ಎಕರೆಗೆ ಒಂದು ಪೌಂಡ್ ದರದಲ್ಲಿ, ಕಾಲು ಭಾಗ ಮುಂಗಡ ಕಟ್ಟಿ ಜಮೀನು ಆರಿಸಿಕೊಳ್ಳಬಹುದಿತ್ತು. 1868ರಲ್ಲಿ ಎಬೆನೀಜರ್‌ನಿಂದ 56 ಜನ, 14 ಮುಚ್ಚುಗಾಡಿ ಮತ್ತು ಎರಡು ಚಿಕ್ಕ ಬಂಡಿಗಳಲ್ಲಿ ಹೊರಟು, ಮರ್ರಿ ನದಿಯ ಜಾಡು ಹಿಡಿದು ವಾಲಾ ವಾಲಾ ಎಂಬಲ್ಲಿ ನೆಲೆ ನಿಂತರು. ಮೂವತ್ತು ವರ್ಷಗಳ ಹಿಂದೆ ಹಿರಿಯರು ಹಡಗು ಹತ್ತಿದ್ದು ಹೇಗೋ ಇವರು ಗಾಡಿ ಹತ್ತಿದ್ದೂ ಹಾಗೆಯೇ, ನೆಂಟರೊಡನೆ, ಸಭೆಯೊಡನೆ. ಆ ಕುಟುಂಬಗಳ ಅಜ್ಜಂದಿರ ದಾಖಲೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ, ಮೊಮ್ಮಕ್ಕಳ ದಾಖಲೆ ನ್ಯೂ ಸೌತ್ ವೇಲ್ಸ್‌ನಲ್ಲಿ.

ಮೊದಲ ಮಹಾಯುದ್ಧದ ಪುಟಗಳು ಈ ವಂಶಚರಿತ್ರೆಗಳಲ್ಲಿ ಬಹಳ ತೆಳು. ಕಾರಣ ಊಹಿಸಬಹುದು: ಜರ್ಮನಿ ಆಗ ಶತ್ರುದೇಶ. ದಕ್ಷಿಣ ಆಸ್ಟ್ರೇಲಿಯಾದಲ್ಲೇ ಹುಟ್ಟಿದ, ಜರ್ಮನ್ ಮೂಲದ ಅಟಾರ್ನಿ ಜನರಲ್ ಹರ್ಮನ್ ಹೋಂಬರ್ಗ್ 1915ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1917ರಲ್ಲಿ ರಾಜ್ಯ ಸರ್ಕಾರ 49 ಲೂಥರನ್ ಶಾಲೆಗಳನ್ನು ಮುಚ್ಚಿಸಿತು. ಅದೇ ವರ್ಷದ ಕಾನೂನಿನ ಮೇರೆಗೆ 69 ಜರ್ಮನ್ ಸ್ಥಳನಾಮಗಳು ನಕಾಶೆಯಿಂದ ಅಳಿದವು. ಹಾನ್‌ಡಾರ್ಫ್ ಆಂಬಲ್‌ಸೈಡ್ ಆಯಿತು, ಲೋಬೆಥಾಲ್ ಟ್ವೀಡ್‌ವೇಲ್ ಆಯಿತು, ಕ್ಲೆಮ್‌ಜಿಗ್‌ಗೆ ಬ್ರಿಟಿಷ್ ಪಡೆಗಳು ಗೆದ್ದ ಗಾಜಾದ ಹೆಸರು ಬಂತು, ಗ್ನಾಡೆನ್‌ಫ್ರೈ ಮೂಲನಿವಾಸಿ ಪದವಾದ ಮರನಂಗಾ ಆಯಿತು. ಹಾನ್‌ಡಾರ್ಫ್, ಲೋಬೆಥಾಲ್, ಕ್ಲೆಮ್‌ಜಿಗ್‌ಗಳಿಗೆ 1935ರಲ್ಲಿ ಹಳೆಯ ಹೆಸರು ಮರಳಿತು. ಅತ್ತ, ಬಿಟ್ಟುಬಂದ ಮೂಲ ಕ್ಲೆಮ್‌ಜಿಗ್ 1945ರ ನಂತರ ಪೋಲೆಂಡಿಗೆ ಸೇರಿ ಕ್ಲೆಂಪ್ಸ್ಕ್ ಆಯಿತು. 1920ರ ದಶಕದ ಮರಣಪತ್ರ ಹಿಡಿದು ಊರು ಹುಡುಕುವವರು ಈ ಬದಲಾವಣೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು. ಆ ವರ್ಷಗಳಲ್ಲಿ ಮಕ್ಕಳೆದುರು ಜರ್ಮನ್ ಆಡುವುದನ್ನು ನಿಲ್ಲಿಸಿದ ಮನೆಗಳಲ್ಲಿ, ಅಜ್ಜನ ಪತ್ರಗಳನ್ನು ಓದಬಲ್ಲ ಮೊಮ್ಮಕ್ಕಳು ಇಲ್ಲವಾದರು.

1846ರಲ್ಲಿ ಒಡೆದ ಲೂಥರನ್ ಸಭೆ ಮುಂದೆ ಇನ್ನಷ್ಟು ಕವಲೊಡೆದು, ಕೊನೆಗೆ ಎರಡು ಸಂಘಟನೆಗಳಾಗಿ ನಿಂತು, 1966ರಲ್ಲಿ ಆಸ್ಟ್ರೇಲಿಯಾದ ಲೂಥರನ್ ಚರ್ಚ್ ಎಂಬ ಒಂದೇ ಹೆಸರಿನಡಿ ಸೇರಿತು. ಇದರಿಂದ ವಂಶಚರಿತ್ರೆ ಹುಡುಕುವವರಿಗೆ ದೊಡ್ಡ ಉಪಕಾರವಾಯಿತು. ಎರಡೂ ಕಡೆಯ ಹಳೆಯ ಕಾಗದಪತ್ರಗಳಿಗೆ ಈಗ ಅಡಿಲೇಡ್‌ನ ಲೂಥರನ್ ದಾಖಲಾಗಾರ ಒಂದೇ ನೆಲೆ. ಬೆಥನಿಯ ಅಣ್ಣ ಮತ್ತು ಲಾಂಗ್‌ಮೈಲ್‌ನ ತಮ್ಮನ ಮಕ್ಕಳನ್ನು ಒಂದೇ ಮೇಜಿನ ಮೇಲೆ ಹುಡುಕಲು ಸಾಧ್ಯವಿರುವಾಗ, ತಮ್ಮ ಮನೆಯ ಪುಸ್ತಕವನ್ನು ಮರುಮುದ್ರಣ ಮಾಡಲು ಹೊರಟ ಕುಟುಂಬಗಳು ಮೊದಲು ಪಕ್ಕದ ಮನೆಯವರ ಪುಸ್ತಕವನ್ನು ಕೇಳಿ ಪಡೆದು, ದೀಕ್ಷಾಸ್ನಾನದ ಸಾಕ್ಷಿಗಳ ಪಟ್ಟಿಯಿಂದ ಕೆಲಸ ಆರಂಭಿಸಲಿ ಎಂದು ನಾನು ಒತ್ತಿ ಹೇಳುತ್ತೇನೆ.