ಶನಿವಾರ ರಾತ್ರಿಯಿಂದ ಗುರುವಾರ ಬೆಳಿಗ್ಗೆವರೆಗೆ

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ನಾನು ಕೌನ್ಸೆಲರ್. ಎಚ್‌ಐವಿ ಪರೀಕ್ಷೆಗೆ ಬಂದವರ ಜೊತೆ ಮೊದಲು ಕೂತು ಮಾತಾಡುವುದು ನನ್ನ ಕೆಲಸ. ಈ ಹುಡುಗನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದೆಲ್ಲ ಬಿಟ್ಟಿದ್ದೇನೆ.

ಅವತ್ತು ಗುರುವಾರ. ಹನ್ನೊಂದು ಗಂಟೆ ಆಗಿತ್ತು. ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಬ್ಬನೇ ಒಳಗೆ ಬಂದ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು.

"ಅಕ್ಕಾರ, ಬೊಂಬೈಗಿ ದುಡಿಲಕ ಹೋಗಿದ್ದೆರಿ. ಒಂದು ಗುಳಿಗಿ ಅದ ಅಂತಲ್ಲರಿ, ತಪ್ಪಾದ ಮ್ಯಾಲ ನುಂಗೋದು?"

ನಮ್ಮ ಕಡೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟರೆ ಸಾಕು, ಮನೆಗೆ ಬೀಗ ಬೀಳುತ್ತದೆ. ಮುಂಬೈ, ಪುಣೆ, ಬೆಂಗಳೂರಲ್ಲಿ ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಹೆಂಡತಿಯನ್ನು ಊರಲ್ಲಿ ಬಿಟ್ಟು ಹೋದವರೂ ಬಹಳ. ಇವನೂ ಹಾಗೇ ಹೋಗಿದ್ದ.

ಯಾವಾಗ ಅಂತ ಕೇಳಿದೆ. ಶನಿವಾರ ರಾತ್ರಿ, ಗೆಳೆಯರ ಜೊತೆ ಹೊರಗೆ ಹೋದಾಗ. ನಿರೋಧ್ ಇರಲಿಲ್ಲ. ನಾನು ಬೆರಳು ಮಡಚಿ ಎಣಿಸಿದೆ. ನೂರು ಗಂಟೆ ದಾಟಿತ್ತು.

ಅವನು ಕೇಳಿದ, ಎಚ್‌ಐವಿ ತಗುಲದ ಹಾಗೆ ತಡೆಯುವ ಗುಳಿಗೆ ಇದೆ. ಅದಕ್ಕೆ ಪೆಪ್ ಅಂತಾರೆ. 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಆಮೇಲೆ 28 ದಿನ ಬಿಡದೆ ನುಂಗಬೇಕು. ಆ ಮೂರು ದಿನ ಕಳೆದ ಮೇಲೆ ವೈರಸ್ಸನ್ನು ತಡೆಯುವ ಹೊತ್ತು ಮೀರಿರುತ್ತದೆ.

"ನಾ ಸೋಮವಾರ ಮುಂಜಾನೆನೇ ಅಲ್ಲಿ ದವಾಖಾನಿಗಿ ಹೋಗಿದ್ದೆರಿ" ಅಂದ. ಹೊರಗಿನ ಚೀಟಿ ಕಿಟಕಿಯಲ್ಲಿ ಏನು ಕಾಯಿಲೆ ಅಂತ ಕೇಳಿದರಂತೆ. ಹಿಂದೆ ದೊಡ್ಡ ಪಾಳಿ. ಇವನಿಗೆ ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಬರಲ್ಲ. ನಾಚಿಕೆಯಿಂದ "ಜ್ವರ" ಅಂದುಬಿಟ್ಟ. ಜ್ವರದ ಗುಳಿಗೆ ಕೊಟ್ಟು ಕಳಿಸಿದರು. ಊರಿಗೆ ಹೋದರೆ ನಮ್ಮ ಭಾಷೆಯಲ್ಲಿ ಹೇಳಬಹುದು ಅಂತ ಮೇಸ್ತ್ರಿ ಹತ್ತಿರ ಎರಡು ದಿನ ಕಾದು ದುಡ್ಡು ಇಸಕೊಂಡ. ಬುಧವಾರ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ.

ಸೋಮವಾರ ಬೆಳಿಗ್ಗೆ ಅವನು ಆ ಪಾಳಿಯಲ್ಲಿ ನಿಂತಾಗ 36 ಗಂಟೆಯಷ್ಟೇ ಆಗಿತ್ತು. ಇದು ನನಗೆ ಇವತ್ತಿಗೂ ಸಂಕಟ. ಹುಡುಗ ಉಡಾಫೆ ಮಾಡಲಿಲ್ಲ. ಎರಡನೇ ದಿನವೇ ಬಾಗಿಲಿಗೆ ಹೋಗಿದ್ದ. ಯಾರನ್ನು ಕೇಳಬೇಕು, ಯಾವ ಮಾತಲ್ಲಿ ಕೇಳಬೇಕು ಅಂತ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವರ ಊರಿನ ಕಟ್ಟೆ ಮೇಲೆ ನಿಂತು ಎರಡು ಸಲ ಮಾತಾಡಿದ್ದೇನೆ. ನಿರೋಧ್ ಬಗ್ಗೆ ಹೇಳಿದೆ, ಪರೀಕ್ಷೆ ಬಗ್ಗೆ ಹೇಳಿದೆ. ಮೂರು ದಿನದ ಲೆಕ್ಕ ಹೇಳಲೇ ಇಲ್ಲ.

ಒಪ್ಪಿಗೆ ತಗೊಂಡು ಅವತ್ತೇ ರಕ್ತ ಪರೀಕ್ಷೆ ಮಾಡಿಸಿದೆವು. ನೆಗೆಟಿವ್ ಬಂತು. ಅವನ ಮುಖ ಅರಳಿತು. ಆದರೆ ಇದು ಹಳೆಯ ಲೆಕ್ಕ, ಶನಿವಾರದ್ದು ಇಷ್ಟು ಬೇಗ ಕಾಣಲ್ಲ, ಮೂರು ತಿಂಗಳಿಗೆ ಮತ್ತೆ ಮಾಡಿಸಬೇಕು ಅಂತ ಹೇಳಬೇಕಾಯಿತು. ಅಲ್ಲಿವರೆಗೆ ಹೆಂಡತಿ ಜೊತೆ ನಿರೋಧ್ ಬಿಡಬಾರದು ಅಂತಲೂ.

"ಆಕಿಗಿ ಏನ್ ಹೇಳ್ಲಿರಿ ಅಕ್ಕಾರ?"

ನಾನು ಹೇಳಲ್ಲ, ಹೇಳುವ ಹಾಗೂ ಇಲ್ಲ, 2017ರ ಎಚ್‌ಐವಿ ಕಾಯ್ದೆ ಇದೆ ಅಂದೆ. ನೀನೇ ಹೇಳು, ಬೇಕಾದರೆ ನಿನ್ನ ಪಕ್ಕ ಕೂರ್ತೀನಿ. ಬಹಳ ಹೊತ್ತು ಬಾಗಿಲ ಕಡೆ ನೋಡಿದ. ಆಮೇಲೆ ಎದ್ದು ಹೋಗಿ ಆಕೆಯನ್ನು ಕರಕೊಂಡು ಬಂದ. ಆಕೆ ಅತ್ತಳು. ಕೊನೆಗೆ ಕಣ್ಣು ಒರೆಸಿಕೊಂಡು ಕೇಳಿದ್ದು ಒಂದೇ: "ನನಗ ಬರದಂಗ ಏನರ ಔಷಧ ಅದ ಏನ್ರಿ?"

ಇದೆ. ಪ್ರೆಪ್ ಅಂತ. ಟೆನೊಫೊವಿರ್, ಎಮ್ಟ್ರಿಸಿಟಬಿನ್ ಎರಡೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು. 2012ರಲ್ಲೇ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಸರಿಯಾಗಿ ನುಂಗಿದರೆ ಲೈಂಗಿಕ ಸಂಪರ್ಕದಿಂದ ಬರುವ ಎಚ್‌ಐವಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಶುರು ಮಾಡುವ ಮುಂಚೆ ಎಚ್‌ಐವಿ ಇಲ್ಲ ಅಂತ ಖಾತ್ರಿ ಬೇಕು, ಮೂತ್ರಪಿಂಡ ಸರಿ ಇದೆಯಾ ನೋಡಬೇಕು. ಈಗ ಆರು ತಿಂಗಳಿಗೊಂದು ಇಂಜೆಕ್ಷನ್ನೂ ಬಂದಿದೆ, ಲೆನಕಾಪವಿರ್. ಅದಕ್ಕೆ 2025ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಎಚ್‌ಐವಿ ಬಂದ ಮೇಲಿನ ಔಷಧವನ್ನು ನಮ್ಮ ಸರ್ಕಾರ 2004ರಿಂದ ಪುಕ್ಕಟೆ ಕೊಡುತ್ತಿದೆ. ಬರದ ಹಾಗೆ ತಡೆಯುವ ಗುಳಿಗೆಯೂ ದಿನಗೂಲಿಯವರ ಕೈಗೆ ಅಷ್ಟೇ ಸಲೀಸಾಗಿ ಸಿಗಬೇಕು ಅಲ್ವಾ?

ಆಕೆಯನ್ನು ವೈದ್ಯರ ಹತ್ತಿರ ಕರಕೊಂಡು ಹೋದೆ. ಅವನ ಫೋನಿನಲ್ಲಿ ಎಚ್‌ಐವಿ ಸಹಾಯವಾಣಿ 1097 ಸೇವ್ ಮಾಡಿಕೊಟ್ಟೆ. ಪುಕ್ಕಟೆ ಕರೆ, ಹೆಸರು ಹೇಳಬೇಕಿಲ್ಲ. ನನ್ನ ನಂಬರೂ ಕೊಟ್ಟೆ. ಎಲ್ಲಿಗೇ ಹೋಗು, ಸರ್ಕಾರಿ ದವಾಖಾನೆಯಲ್ಲಿ ಕಾಯಿಲೆ ಹೇಳಬೇಡ, "ಐಸಿಟಿಸಿ" ಅಂತ ಒಂದೇ ಮಾತು ಕೇಳು ಅಂತ ಹೇಳಿಕೊಟ್ಟೆ. ಎರಡು ಸಲ ಬಾಯಿಪಾಠ ಹೇಳಿದ.

ಮೂರು ತಿಂಗಳಿಗೆ ಅವನು ಪರೀಕ್ಷೆ ಮಾಡಿಸಿದ. ಏನು ಬಂತು ಅನ್ನುವುದು ಅವರಿಬ್ಬರ ವಿಷಯ, ಇಲ್ಲಿ ಬರೆಯಲ್ಲ. ಈಗ ಊರಿನ ಕಟ್ಟೆ ಮೇಲೆ ನಿಂತರೆ ನಾನು ಮೊದಲು ಹೇಳುವುದೇ ಮೂರು ದಿನದ ಲೆಕ್ಕ.

ಹೋದ ತಿಂಗಳು ಒಂದು ಭಾನುವಾರ ಮುಂಜಾನೆ ಅವನ ಫೋನ್ ಬಂತು. ಪುಣೆಯಿಂದ. ಹಿಂದೆ ಯಾರೋ ಅಳುವ ದನಿ ಕೇಳುತ್ತಿತ್ತು.

"ಅಕ್ಕಾರ, ನನಗಲ್ಲರಿ. ಜೋಡಿ ಕೆಲಸ ಮಾಡೋ ಹುಡುಗ. ನಿನ್ನೆ ರಾತ್ರಿರಿ. ಇನ್ನಾ ಟೈಮ್ ಅದ ಅಲ್ರಿ?"