ಪತ್ತನಾಜೆಗೆ ಮೊದಲು ಒಂದು ಫೈಲು

ಕಾಸರಗೋಡಿನ ಬದಿಯಡ್ಕದ ಕಡೆ ನಾನು ತೊಳಿಲುರಪ್ಪಿನ ಮೇಟ್, ಅಂದರೆ ಕೆಲಸದವರ ಹಾಜರಿ ನೋಡುವವಳು-ನೋಡುವವನು ಎನ್ನುವ ಜವಾಬ್ದಾರಿಯಲ್ಲಿ, ಇದ್ದಾಗ ಒಂದು ಅಡಿಕೆ ತೋಟದಲ್ಲಿ ಕೃಷಿಹೊಂಡ ತೋಡಿದ್ದೆವು. ಕಾಗದದಲ್ಲಿ ಉದ್ಯೋಗ ಖಾತರಿ, ನಮ್ಮ ಬಾಯಲ್ಲಿ ತೊಳಿಲುರಪ್ಪು. ಮೇ ನಡುವಿಗೆ ಅಗೆದು ಆಯಿತು. ಹೆಂಗಸರು ಹಾರೆ, ಬುಟ್ಟಿ ತೊಳೆದು ಮನೆಗೆ ಒಯ್ದರು. "ಇನ್ನೇನು, ದುಡ್ಡು ಬ್ಯಾಂಕಿಗೆ ಬರ್ತದೆ ಅಲ್ವಾ?" ಎಂದರು.

ನನ್ನ ತಲೆಯಲ್ಲಿ ಇದ್ದದ್ದು ಪತ್ತನಾಜೆ. ಮೇ 24ರ ಹೊತ್ತಿಗೆ ಬರುವ ಆ ದಿನ ಯಕ್ಷಗಾನ ಮೇಳದವರು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆ ಯಾವಾಗ ಹಿಡಿಯುತ್ತದೋ ಹೇಳಲಾಗದು. ಒಂದು ಜೋರು ಮಳೆಗೆ ದಂಡೆಯ ಮಣ್ಣು ಜಾರಿ ತಳಕ್ಕೆ ಬೀಳುತ್ತದೆ. ಆಗ ಟೇಪು ಹಿಡಿದರೆ ಆಳ ಕಡಿಮೆ. ಹಾಜರಿ ಎಷ್ಟೇ ಇರಲಿ, ಅಗೆದ ಮಣ್ಣು ಅಳತೆಗೆ ಸಿಗಬೇಕು. ಇಲ್ಲದಿದ್ದರೆ ಕೂಲಿಗೇ ಕತ್ತರಿ.

ಕೆಲಸ ಅಳೆಯುವ ಓವರ್‌ಸಿಯರ್‌ಗೆ ಫೋನ್ ಮಾಡಿ ಮಾಡಿ ಕರೆಸಿದೆ. ಅವರು ಮೇಲೆ ಉದ್ದ, ಅಗಲ ಹಿಡಿದರು. ತಳಕ್ಕಿಳಿದು ಅಲ್ಲೂ ಹಿಡಿದರು. ಬದಿ ಇಳಿಜಾರಾದ್ದರಿಂದ ಎರಡೂ ಲೆಕ್ಕಕ್ಕೆ ಬೇಕು. ಒಂದು ಮೂಲೆಯಲ್ಲಿ ಗಟ್ಟಿ ಮುರಕಲ್ಲು ಸಿಕ್ಕಿ ಪಿಕ್ಕಾಸು ಪುಟಿದು ಬರುತ್ತಿತ್ತು. ಅಲ್ಲಿ ಆಳ ಕಡಿಮೆ. "ಕಲ್ಲು ಅಂತ ಬರೀರಿ ಸಾರ್. ನಾವು ಸುಮ್ನೆ ಬಿಟ್ಟದ್ದು ಅಂತ ಆಗಬಾರದು" ಎಂದೆ. ನಕ್ಕರು, ಆದರೆ ಎಂ-ಬುಕ್ಕಿನಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆದರು.

ಮತ್ತೆ ಫೋಟೋ. ಶುರುವಿಗೆ ಮುಂಚೆ, ನಡುವಿನಲ್ಲಿ, ಮುಗಿದ ಮೇಲೆ, ಮೂರೂ ಒಂದೇ ಜಾಗದಿಂದ ಬೇಕು. ಮೊದಲನೆಯದರಲ್ಲಿ ಬಲಗಡೆ ಒಂದು ಬಾಗಿದ ತೆಂಗು ಇತ್ತು. ಅದು ಮೊಬೈಲಿನಲ್ಲಿ ಅದೇ ಕಡೆ ಕಾಣುವವರೆಗೆ ಓವರ್‌ಸಿಯರ್ ಅಡಿಕೆ ಮರಗಳ ನಡುವೆ ಹಿಂದೆ ಮುಂದೆ ನಡೆದರು.

ಕೆಲಸದ ಜಾಗದಲ್ಲಿ ಹಾಕಿದ ಬೋರ್ಡಿನಲ್ಲಿ ಅಂದಾಜು ಮೊತ್ತ ಇತ್ತು, ನಿಜವಾಗಿ ಆದ ಖರ್ಚಿನ ಜಾಗ ಖಾಲಿ. ಅದನ್ನು ಬರೆಸಿದೆವು. ಆಗಿನ 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಲೆಕ್ಕ ಕೇಳುವ ಹಕ್ಕು ಗ್ರಾಮಸಭೆಯದ್ದಾಗಿತ್ತು. ಊರವರ ಮುಂದೆ ಆ ಲೆಕ್ಕ ಪರಿಶೀಲಿಸುವ ಸೋಶಿಯಲ್ ಆಡಿಟ್‌ನವರು ಬಂದರೆ ಮೊದಲು ನಿಲ್ಲುತ್ತಿದ್ದುದೇ ಬೋರ್ಡಿನ ಮುಂದೆ. ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಇನ್ನೊಂದು ವಾರ್ಡಿನಲ್ಲಿ ಕೆಲಸ ಮುಗಿದು ಎಷ್ಟೋ ಕಾಲವಾಗಿತ್ತು. ಕೊನೆಯ ಫೋಟೋ ಇಲ್ಲದೆ ಕಂಪ್ಯೂಟರಿನಲ್ಲಿ ಅದು 'ನಡೀತಾ ಇದೆ' ಎಂದೇ ತೋರಿಸುತ್ತಿತ್ತು. ಅಂಥವು ಜಾಸ್ತಿ ಆದರೆ ಪಂಚಾಯತಿಗೆ ಹೊಸ ಕೆಲಸ ಎತ್ತಲು ಕಷ್ಟ.

ಮಸ್ಟರ್ ರೋಲು ಎನ್ನುವ ಹಾಜರಿ ಪಟ್ಟಿ, ಎಂ-ಬುಕ್ಕಿನ ಪ್ರತಿ, ಫೋಟೋ, ತೋಟದವರ ಸಹಿ, ಎಲ್ಲ ಒಂದೇ ಫೈಲಿಗೆ ಸೇರಿಸಿ ಪಂಚಾಯತಿಗೆ ಕೊಟ್ಟೆ. ಕಂಪ್ಯೂಟರಿನಲ್ಲಿ 'ಮುಗಿದಿದೆ' ಎಂದು ಬಿದ್ದದ್ದನ್ನು ಕಣ್ಣಾರೆ ನೋಡಿಯೇ ಎದ್ದೆ. ಮೆಟ್ಟಿಲಲ್ಲಿ ಕಾಯುತ್ತಿದ್ದ ಅಕ್ಕ ಒಬ್ಬರು ಕೇಳಿದರು, "ಕೆಳಗಿನ ನೀರಿನ ತೋಡಿನ ಕೆಲಸ ಇನ್ನಾದರೂ ಸಿಗ್ತದಾ?"

ಅರ್ಜಿ ಬರೆದುಕೊಂಡೇ ಬಂದಿದ್ದೆ.